ಚೆಂಡಾಟಕ್ಕೆ ಒಂದು ಎಕರೆ

(ಶಿರಗುಪ್ಪಿಯಲ್ಲಿ ಕೂಡಿದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಮಾತಾಡಲು ಎದ್ದು ನಿಂತನೆಂದರೆ ಕಬ್ಬಿನ ಬೀಜ, ಹಸಿರೆಲೆ ಗೊಬ್ಬರ, ಸವಳು ಜಮೀನು ಇವುಗಳ ಮಾತು ಬಂದೇ ಬರುತ್ತದೆಂದು ತಾವೆಲ್ಲ ಬಲ್ಲಿರಿ. ಇಂದು ನಾನು ಕಾಲ್ಚೆಂಡಾಟದ ವಿಷಯ ಮಾತಾಡಬೇಕೆಂದು ಬಂದಿದ್ದೇನೆ. ಕೆಲವರು ನಗುತ್ತಿರುವುದು ಕಾಣುತ್ತದೆ. ನಗಲಿಕ್ಕೆ ಅಡ್ಡಿ ಇಲ್ಲ. ಆದರೆ ಕೊನೆಯವರೆಗೆ ಕುಳಿತು ಕೇಳಬೇಕು. ಏಕೆಂದರೆ ಈ ಮಾತು ಸಹ ಕೊನೆಗೆ ಮಣ್ಣಿಗೇ ಬಂದು ನಿಲ್ಲುತ್ತದೆ.

ಮೊದಲು ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಕಳೆದ ಚಳಿಗಾಲದಲ್ಲಿ ಹುಡುಗರು ನನ್ನ ಬಳಿ ಬಂದು, "ಸಾಹೇಬ್ರ, ಒಂದು ಫುಟ್‌ಬಾಲ್ ಮ್ಯಾಚ್ ಇಡೋಣ್ರಿ" ಎಂದರು. ನನಗೂ ಹುಮ್ಮಸ್ಸು. ಕಬ್ಬು ಕಡಿದು ಸಾಗಿಸಿದ್ದ ಒಂದು ಹೊಲವನ್ನು ಕೇಳಿ ಪಡೆದೆವು. ರವದಿ ಸುಟ್ಟು, ಮೇಲೆ ಮೇಲೆ ಕಸ ತೆಗೆದು, ನಾಲ್ಕು ಬಿದಿರು ನೆಟ್ಟು ಆಟ ಶುರು ಮಾಡಿಯೇ ಬಿಟ್ಟೆವು. ಕಾಲು ತಾಸೂ ಆಗಿರಲಿಲ್ಲ, ಹದಿನಾರು ವರ್ಷದ ಹುಡುಗನೊಬ್ಬನ ಪಾದಕ್ಕೆ ಕಬ್ಬಿನ ಕೂಳೆಯ ಚೂಪು ತುದಿ ಹೊಕ್ಕಿತು. ನಾಲ್ಕು ಹೊಲಿಗೆ ಬಿದ್ದವು. ಮೂರು ವಾರ ಅವನು ಕೆಲಸಕ್ಕೆ ಹೋಗಲಾಗಲಿಲ್ಲ, ಮನೆಯಲ್ಲಿ ದುಡಿಯುವ ಎರಡು ಕೈ ಕಡಿಮೆಯಾದವು.

ನಾನು ಅವರ ಮನೆಗೆ ಹೋದೆ. ಹುಡುಗನ ತಂದೆ ಬೈಯಲಿಲ್ಲ. ಚಹಾ ಕೊಟ್ಟರು. ಕಪ್ಪು ಕೆಳಗಿಟ್ಟ ಮೇಲೆ ಒಂದೇ ಮಾತು ಕೇಳಿದರು: "ಬೀಜಾ ಹಾಕೂದಕ್ಕಿಂತ ಮೊದಲ ಮಣ್ಣ ಪರೀಕ್ಷಾ ಮಾಡಸ್ರಿ ಅಂತ ನಮಗ ಹೇಳ್ತೀರಿ. ಹುಡುಗೂರ್ನ ಇಳಸೂದಕ್ಕಿಂತ ಮೊದಲ ನೀವ್ ನೆಲಾ ನೋಡಿದ್ರೇನ್ರಿ?"

ಕೃಷಿ ಡಿಪ್ಲೊಮಾ ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನೆಲ ನೋಡಿಕೊಂಡು ಬರೋಣವೆಂದೇ ನಾನು ಆಟದ ಬಯಲುಗಳಿಗೆ ಹೋದೆ.

ರೈತನು ಕಿವಿಯಿಂದ ಕೇಳಿದ್ದನ್ನು ನಂಬುವುದಿಲ್ಲ, ಕಣ್ಣಿಂದ ಕಂಡದ್ದನ್ನು ನಂಬುತ್ತಾನೆ. ಅದಕ್ಕಾಗಿಯೇ ನಾವು ಪ್ರಾತ್ಯಕ್ಷಿಕೆಯ ತಾಕು ಹಾಕುತ್ತೇವೆ, ಒಂದೂರಿನ ರೈತರನ್ನು ಇನ್ನೊಂದೂರಿನ ಹೊಲಕ್ಕೆ ಕರೆದೊಯ್ಯುತ್ತೇವೆ. 1952ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕನಿಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು. ಆಟದ ವಿಷಯಕ್ಕೂ ಇದೇ ಸರಿ. ಟಿ.ವಿ.ಯಲ್ಲಿ ಕಾಣುವ ಬಯಲು ನಮಗೆ ಪಾಠವಾಗಲಾರದು. ಅದು ಕೋಟಿಗಟ್ಟಲೆ ಹಣದ ಬಯಲು. ನಮಗೆ ಬೇಕಾದದ್ದು ನಮ್ಮಂಥವರು ಆಡುವ, ನಮ್ಮಂಥವರು ನಿಂತು ನೋಡುವ ಬಯಲು.

ಅಂಥ ಬಯಲು ದೂರವಿಲ್ಲ. ಮಿರಜಕ್ಕೆ ಹೋಗಿ ರೈಲು ಹತ್ತಿದರೆ ಕೊಲ್ಹಾಪುರ. ಮದುವೆಯ ಬಟ್ಟೆಗೆ, ಮಹಾಲಕ್ಷ್ಮಿಯ ದರ್ಶನಕ್ಕೆ, ಜೋತಿಬಾನ ಜಾತ್ರೆಗೆ ನೀವೆಲ್ಲ ಹೋಗಿ ಬಂದ ಊರೇ. ಆ ಊರಿನ ಕುಸ್ತಿಯ ಹೆಸರು ನಿಮಗೆ ಗೊತ್ತು. ರಾಜರ್ಷಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ನಮ್ಮ ಕಡೆಯ ಪೈಲವಾನರೂ ಮಣ್ಣು ಮುಟ್ಟಿ ನಮಸ್ಕರಿಸಿದ್ದಾರೆ. ಆದರೆ ಅದೇ ಊರು ಕಾಲ್ಚೆಂಡಿನ ಊರೂ ಹೌದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಲ್ಲಿಯ ಛತ್ರಪತಿ ಶಾಹು ಸ್ಟೇಡಿಯಂನಲ್ಲಿ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಊರಿನ ತಂಡಗಳ ಲೀಗ್ ಪಂದ್ಯಗಳು ನಡೆಯುತ್ತವೆ.

ಆ ತಂಡಗಳ ಹೆಸರು ಕೇಳಿರಿ: ಪಾಟಾಕಡೀಲ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಮಂಡಳ, ಶಿವಾಜಿ ತರುಣ ಮಂಡಳ. ಹೆಸರಿನಲ್ಲಿಯೇ ಸಂಗತಿ ಇದೆ. ತಾಲೀಮು ಎಂದರೆ ನಮ್ಮ ಗರಡಿಮನೆ. ಸಾಮು ಮಾಡುವ, ಕುಸ್ತಿ ಹಿಡಿಯುವ, ಗಣಪತಿ ಕೂಡಿಸುವ, ಓಣಿಯ ಜಗಳ ಬಗೆಹರಿಸುವ ಅದೇ ತಾಲೀಮು ಕಾಲ್ಚೆಂಡಿನ ತಂಡವನ್ನೂ ಸಾಕಿತು. ಹೊಸ ಸಂಸ್ಥೆ, ಹೊಸ ಕಟ್ಟಡ, ಹೊಸ ಕುರ್ಚಿ ಯಾವುದನ್ನೂ ಅವರು ಕಾಯುತ್ತ ಕೂಡಲಿಲ್ಲ. ಹಳೆಯ ಗಿಡಕ್ಕೆ ಹೊಸ ಕಸಿ ಕಟ್ಟಿದರು, ಅದು ಹಿಡಿಯಿತು. ನಮ್ಮ ಹಳ್ಳಿಗಳಲ್ಲಿ ಗರಡಿಮನೆ ಇಲ್ಲವೇ? ಭಜನಾ ಮಂಡಳಿ ಇಲ್ಲವೇ? ಯುವಕ ಮಂಡಲದ ಬೋರ್ಡು ತೂಗುತ್ತಿಲ್ಲವೇ?

ಕಳೆದ ಫೆಬ್ರುವರಿಯ ಒಂದು ರವಿವಾರ ಐದು ಜನ ಹುಡುಗರೊಂದಿಗೆ ನಾನು ಅಲ್ಲಿಗೆ ಹೋಗಿದ್ದೆ. ಎರಡು ಓಣಿಗಳ ತಂಡಗಳ ಪಂದ್ಯ. ಜನರೋ ಜಾತ್ರೆಯಂತೆ ಕೂಡಿದ್ದರು. ಗ್ಯಾಲರಿಯಲ್ಲಿ ನನ್ನ ಪಕ್ಕಕ್ಕೆ ಕಾಯಿಪಲ್ಲೆ ಮಾರುವ ಹಿರಿಯರೊಬ್ಬರು ಕುಳಿತಿದ್ದರು. ಬುಟ್ಟಿಯನ್ನು ಮಗನಿಗೆ ಒಪ್ಪಿಸಿ ಬಂದಿದ್ದರಂತೆ. ನಾವು ಕನ್ನಡ ಮಾತಾಡುವುದನ್ನು ಕೇಳಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಆಟವನ್ನೆಲ್ಲ ಬಿಡಿಸಿ ಹೇಳಿದರು. ಬಯಲಿನಲ್ಲಿದ್ದ ಹುಡುಗರಲ್ಲಿ ಯಾರು ಯಾರ ಮಗ, ಯಾರು ಯಾವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಯಾರ ಮೊಣಕಾಲು ಹೋದ ವರ್ಷ ಉಳುಕಿತ್ತು, ಎಲ್ಲವೂ ಅವರಿಗೆ ಬಾಯಿಪಾಠ. ನಮ್ಮಲ್ಲಿ ಹಿರಿಯರು ಊರಿನ ಎತ್ತುಗಳ ವಂಶಾವಳಿ ಹೇಳುವಂತೆ ಅವರು ಆಟಗಾರರ ವಂಶಾವಳಿ ಹೇಳಿದರು.

ಸ್ಥಳೀಯ ಪಂದ್ಯದ ಸ್ವಾರಸ್ಯ ಇಲ್ಲಿದೆ ನೋಡಿ. ಆಡುವವನು ಪರಕೀಯನಲ್ಲ. ನಾಳೆ ಬೆಳಿಗ್ಗೆ ನಿಮಗೆ ಹಾಲು ಅಳೆದು ಕೊಡುವವನೇ ಇಂದು ಚೆಂಡು ಒದೆಯುತ್ತಾನೆ. ಆದ್ದರಿಂದ ಅವನು ತಪ್ಪು ಮಾಡಿದರೆ ನಿಮಗೆ ನೋವು, ಗೆದ್ದರೆ ಅವನಿಗಿಂತ ನಿಮಗೆ ಹೆಚ್ಚು ಸಂತೋಷ.

ಒಂದು ಮಾತನ್ನು ಮುಚ್ಚಿಡಬಾರದು. ಓಣಿ ಓಣಿಗಳ ಜಿದ್ದು ಅತಿಯಾದಾಗ ಅಲ್ಲಿ ಪ್ರೇಕ್ಷಕರಲ್ಲಿ ಜಗಳಗಳೂ ಆಗಿವೆ, ಪೊಲೀಸರ ಬಂದೋಬಸ್ತ್ ಇಡಬೇಕಾಗುತ್ತದೆ. ಒಳ್ಳೆಯ ಬೆಳೆಯ ಜೊತೆಗೆ ಕಳೆಯೂ ಬರುತ್ತದೆ. ನಾವು ಬೀಜ ತರುವಾಗ ಕಳೆಯನ್ನು ಆರಿಸಿ ತರಬೇಕು.

ಈಗ, ಪಂದ್ಯ ನೋಡುವುದು ಹೇಗೆಂದು ಎರಡು ಮಾತು. ಚೆಂಡಿನ ಹಿಂದೆಯೇ ಕಣ್ಣು ಓಡಿಸುವುದು ಹೊಸಬರ ಅಭ್ಯಾಸ. ನಾನೂ ಮೊದಲು ಹಾಗೆಯೇ ಮಾಡಿದೆ. ಕಾಯಿಪಲ್ಲೆಯ ಹಿರಿಯರು ನನ್ನ ತೊಡೆ ತಟ್ಟಿ, "ಚೆಂಡು ಬಿಡ್ರಿ, ಚೆಂಡಿಲ್ಲದವರನ್ನ ನೋಡ್ರಿ" ಎಂದರು. ಹನ್ನೊಂದು ಜನರಲ್ಲಿ ಒಬ್ಬನ ಕಾಲಲ್ಲಿ ಮಾತ್ರ ಚೆಂಡಿರುತ್ತದೆ. ಉಳಿದ ಹತ್ತು ಜನ ಏನು ಮಾಡುತ್ತಿದ್ದಾರೆಂಬುದೇ ಆಟ. ಒಬ್ಬನು ಖಾಲಿ ಜಾಗಕ್ಕೆ ಓಡಿ ಎದುರಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತಾನೆ, ಇನ್ನೊಬ್ಬನಿಗೆ ದಾರಿ ತೆರೆಯುತ್ತದೆ. ಚೆಂಡು ಅವನಿಗೆ ಸಿಗುವುದೇ ಇಲ್ಲ, ಆದರೂ ಗೋಲಿನಲ್ಲಿ ಅವನ ಪಾಲಿದೆ. ರಾಶಿಯ ದಿನ ಕಣದಲ್ಲಿ ಕಾಣದವನು ಕಾಲುವೆಯ ನೀರು ತಿರುವಲು ರಾತ್ರಿಯೆಲ್ಲ ಎಚ್ಚರವಿದ್ದನಲ್ಲ, ಹಾಗೆ.

ಎಲ್ಲರನ್ನೂ ಗೊಂದಲಕ್ಕೆ ಹಾಕುವ ನಿಯಮ ಆಫ್‌ಸೈಡ್. ಅದು ಇಷ್ಟೇ. ತನ್ನವನು ಚೆಂಡು ಒದೆಯುವ ಗಳಿಗೆಯಲ್ಲಿ, ಎದುರಾಳಿಗಳ ಅರ್ಧ ಬಯಲಿನಲ್ಲಿರುವ ಆಟಗಾರನು ಚೆಂಡಿಗಿಂತಲೂ ಮುಂದೆ, ಎದುರಾಳಿಗಳ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಹೋಗಿ ನಿಂತಿರಬಾರದು. ಕೊನೆಯವನು ಸಾಮಾನ್ಯವಾಗಿ ಗೋಲಿ ಇರುತ್ತಾನೆ. ಅಂದರೆ ಗೋಲಿನ ಬಾಯಲ್ಲಿ ಕಳ್ಳನಂತೆ ಕಾದು ನಿಂತು ಚೆಂಡು ಹೊಡೆಯಬಾರದು, ಆಟ ಆಡಿಕೊಂಡೇ ಬರಬೇಕು. ರೆಫರಿ ಹಳದಿ ಕಾರ್ಡು ತೋರಿಸಿದರೆ ಎಚ್ಚರಿಕೆ, ಕೆಂಪು ತೋರಿಸಿದರೆ ಹೊರಗೆ. ಈ ಕಾರ್ಡುಗಳ ಪದ್ಧತಿ ಜಾಗತಿಕ ಪಂದ್ಯಾವಳಿಯಲ್ಲಿ ಮೊದಲು ಬಂದದ್ದು 1970ರಲ್ಲಿ, ಮೆಕ್ಸಿಕೋದಲ್ಲಿ. ಭಾಷೆ ತಿಳಿಯದವನಿಗೂ ಬಣ್ಣ ತಿಳಿಯುತ್ತದೆಂಬುದೇ ಅದರ ಉದ್ದೇಶ.

ಅಂದು ವಿರಾಮದ ವೇಳೆಯಲ್ಲಿ ಹುಡುಗರು ಶೇಂಗಾ ತಿನ್ನಲು ಹೋದರು. ನಾನು ಮೆಟ್ಟಿಲಿಳಿದು ಬಯಲಿನ ಅಂಚಿಗೆ ಹೋಗಿ ನೆಲ ನೋಡಿದೆ. ಹುಲ್ಲು ಯಾವುದು, ನೀರು ಎತ್ತ ಹರಿಯುತ್ತದೆ, ಎಲ್ಲಿ ಹುಲ್ಲು ಸವೆದು ಮಣ್ಣು ಬಿದ್ದಿದೆ ಎಂದು ನೋಡಿದೆ. ಎರಡೂ ಗೋಲುಗಳ ಮುಂದೆ ಸವೆದಿತ್ತು, ನಡುವೆ ಸವೆದಿತ್ತು, ಮೂಲೆಗಳಲ್ಲಿ ಹಸಿರು ದಟ್ಟವಾಗಿತ್ತು. ಕಾವಲುಗಾರನು ನನ್ನನ್ನು ಕಂಡು, ಏನು ಕಳೆದುಕೊಂಡಿರಿ ಎಂದು ಕೇಳಿದ. ಏನನ್ನೂ ಕಳೆದುಕೊಂಡಿಲ್ಲ, ಹುಡುಕಲು ಬಂದಿದ್ದೇನೆ ಎಂದೆ.

ಬಾಂಧವರೇ, ನಮ್ಮ ನಾಡಿಗೆ ಈ ಆಟ ಹೊಸದಲ್ಲ. 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ, ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. 2-1ರಿಂದ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. ಅಂದು ಸಿಕ್ಕ ಎರಡು ಪೆನಾಲ್ಟಿಗಳನ್ನು ನಮ್ಮವರು ಕಳೆದುಕೊಂಡರು. ಇಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿದಾಗ ಬೆಂಗಳೂರಿನ ಕೆಂಪಯ್ಯ ಆಡಿದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಆಮೇಲೆ ಬರಗಾಲ. ಐವತ್ತನಾಲ್ಕು ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಟ್ರೋಫಿಯನ್ನು ಮರಳಿ ತಂದಿತು. ಐವತ್ತನಾಲ್ಕು ವರ್ಷವೆಂದರೆ ಎರಡು ತಲೆಮಾರು. ಆ ಅವಧಿಯಲ್ಲಿಯೂ ಬೆಂಗಳೂರಿನ ಓಣಿಗಳಲ್ಲಿ ಚೆಂಡು ನಿಲ್ಲಲಿಲ್ಲ. ಅಲ್ಲಿ ಗೌತಮಪುರವೆಂಬ ಬಡವರ ಬಡಾವಣೆ ಇದೆ. ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನು ಅಲ್ಲಿಯ ಜನ ನಿಲ್ಲಿಸಿದ್ದಾರೆ. ಸಣ್ಣ ಮನೆಗಳ ಆ ಬಡಾವಣೆಯಿಂದ ದೇಶಕ್ಕೆ ಆಡಿದವರು ಹೊರಟಿದ್ದಾರೆ. ದೊಡ್ಡ ತಂಡವೆಂಬುದು ತೆನೆ. ಓಣಿಯ ಆಟ ಅದರ ಬೇರು. ಬೇರು ಜೀವಂತವಾಗಿದ್ದರೆ ಮಳೆ ಬಂದಾಗ ಚಿಗುರುತ್ತದೆ.

ಒಬ್ಬ ಹಿರಿಯರು ಮೊನ್ನೆ ಚಾವಡಿಯಲ್ಲಿ ನನ್ನನ್ನು ಕೇಳಿದರು: "ಚೆಂಡ ಒದ್ದರ ಹೊಟ್ಟಿ ತುಂಬತೈತೇನ್ರಿ?" ನೇರ ಪ್ರಶ್ನೆ. ನೇರವಾಗಿಯೇ ಉತ್ತರ ಕೊಡಬೇಕು. ತುಂಬುವುದಿಲ್ಲ. ಕೊಲ್ಹಾಪುರದ ಅನಿಕೇತ ಜಾಧವನೆಂಬ ಹುಡುಗ 2017ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವ ಕಪ್‌ನಲ್ಲಿ ಭಾರತಕ್ಕೆ ಆಡಿದ. ಅವನ ತಂದೆ ಆಟೋರಿಕ್ಷಾ ಓಡಿಸುತ್ತಿದ್ದವರು. ಆ ಕಥೆ ಹೇಳಿ ನಿಮ್ಮ ಮಕ್ಕಳೆಲ್ಲ ಹಾಗೆ ಆಗುತ್ತಾರೆಂದು ನಾನು ಆಸೆ ಹಚ್ಚುವುದಿಲ್ಲ. ಸಾವಿರ ಹುಡುಗರು ಆಡಿದರೆ ಒಬ್ಬನು ಅಲ್ಲಿಗೆ ಮುಟ್ಟಬಹುದು, ಮುಟ್ಟದೆಯೂ ಇರಬಹುದು. ನಾನು ಮಾತಾಡುವುದು ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನರ ವಿಷಯ.

ಸಂಜೆ ಆರಕ್ಕೆ ನಮ್ಮ ಊರುಗಳಲ್ಲಿ ಅವರು ಎಲ್ಲಿರುತ್ತಾರೆ? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಮೋಟಾರ್ ಸೈಕಲ್ಲಿನ ಮೇಲೆ, ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಮೊಬೈಲು. ಇನ್ನು ಕೆಲವರು ಎಲ್ಲಿರುತ್ತಾರೆಂದು ನಾನು ಹೇಳಬೇಕಾಗಿಲ್ಲ. ಅವರ ತಾಯಂದಿರು ಈ ಸಭೆಯಲ್ಲಿದ್ದಾರೆ. ಕಬ್ಬಿನ ಬಿಲ್ಲು ಬಂದ ವಾರ ಏನಾಗುತ್ತದೆಂಬುದೂ ಗೊತ್ತು. ದಿನಕ್ಕೆ ಒಂದೂವರೆ ತಾಸು ಓಡಿ ಬೆವರಿಳಿಸಿದ ಹುಡುಗನಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಬೆಳಿಗ್ಗೆ ತಂದೆ ಎಬ್ಬಿಸುವ ಮೊದಲೇ ಏಳುತ್ತಾನೆ. ಹೊಟ್ಟೆ ತುಂಬಿಸದಿದ್ದರೂ ಹೊಟ್ಟೆಗೆ ಹೋಗಬಾರದ್ದನ್ನು ಚೆಂಡು ತಡೆಯುತ್ತದೆ. ನನ್ನ ಮಟ್ಟಿಗೆ ಇಷ್ಟು ಲಾಭ ಸಾಕು.

ಈಗ ನೆಲದ ಮಾತಿಗೆ ಬರೋಣ. ಲೆಕ್ಕ ಕೇಳಿರಿ. ಆಟದ ನಿಯಮದಂತೆ ಬಯಲಿನ ಉದ್ದ 90ರಿಂದ 120 ಮೀಟರು, ಅಗಲ 45ರಿಂದ 90 ಮೀಟರು ಇರಬಹುದು. ಅತಿ ಚಿಕ್ಕ ಬಯಲು ಎಂದರೆ 90ಕ್ಕೆ 45, ಅಂದರೆ 4,050 ಚದರ ಮೀಟರು. ಇದು ಎಷ್ಟಾಯಿತು? ಹೆಚ್ಚುಕಡಿಮೆ ನಾಲ್ವತ್ತು ಗುಂಟೆ, ಒಂದು ಎಕರೆ! ಈ ಆಟದ ನಿಯಮ ಬರೆದವರು ನಮ್ಮ ರೈತನ ಎಕರೆಯನ್ನು ನೆನೆದಿರಲಿಕ್ಕಿಲ್ಲ, ಆದರೂ ಲೆಕ್ಕ ಕೂಡಿ ಬಂದಿದೆ. ಸುತ್ತಲೂ ಜನ ನಿಲ್ಲಲು, ನೀರು ಹೋಗುವ ಕಾಲುವೆಗೆ ಇನ್ನು ಹತ್ತು ಹದಿನೈದು ಗುಂಟೆ ಇದ್ದರೆ ಸಾಕು.

ಮೂಲೆ ಸರಿಯಾಗಿ ಹಿಡಿಯಲು ಎಂಜಿನಿಯರ್ ಬೇಕಿಲ್ಲ. ಹಗ್ಗಕ್ಕೆ 3 ಮೀಟರು, 4 ಮೀಟರು, 5 ಮೀಟರಿಗೆ ಗಂಟು ಹಾಕಿ ಮುಕ್ಕೋನ ಮಾಡಿ ಎಳೆಯಿರಿ. ಮೂರು ಮತ್ತು ನಾಲ್ಕು ಕೂಡುವ ಮೂಲೆ ಸರಿಯಾದ ಕಾಟಕೋನ. ಗೋಲಿನ ಕಂಬಗಳ ನಡುವೆ 7.32 ಮೀಟರು, ನೆಲದಿಂದ ಅಡ್ಡಪಟ್ಟಿಗೆ 2.44 ಮೀಟರು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಿರಿದಾದ ಗೋಲು ಮಾಡಿದರೆ ತಪ್ಪಲ್ಲ. ಕಂಬಗಳನ್ನು ಭದ್ರವಾಗಿ ಹೂಳಬೇಕು. ಸಡಿಲ ಕಂಬ ಬಿದ್ದು ಮಗುವಿನ ತಲೆ ಒಡೆಯಬಾರದು.

ನಮ್ಮ ನೆಲ ಎರೆಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕೈ ಹೋಗುವಷ್ಟು ಬಿರುಕಿನಲ್ಲಿ ಓಡುವ ಹುಡುಗನ ಕಾಲು ಸಿಕ್ಕರೆ ಮುರಿಯಿತೆಂದೇ ತಿಳಿಯಿರಿ. ಆದ್ದರಿಂದ ಎರೆಯ ಮೇಲೆ ಮುರುಮು ಹಾಸಿ ಉರುಳು ಹೊಡೆಯಬೇಕು, ಅದರ ಮೇಲೆ ಮೂರು ನಾಲ್ಕು ಇಂಚು ಉಸುಕು, ಗೊಬ್ಬರ ಬೆರೆಸಿದ ಮಣ್ಣು ಹರಡಬೇಕು. ಇಡೀ ಎಕರೆಗೆ ಅರ್ಧ ಅಡಿ ಮುರುಮೆಂದರೆ ಸುಮಾರು 600 ಘನ ಮೀಟರು. ಟ್ರೇಲರಿಗೆ 3 ಘನ ಮೀಟರಿನಂತೆ ಹಿಡಿದರೆ 200 ಟ್ರೇಲರು. ಕೇಳಿ ಎದೆ ಒಡೆದುಕೊಳ್ಳಬೇಡಿರಿ. ಹೆಚ್ಚು ಸವೆಯುವುದು ಗೋಲಿನ ಮುಂದೆ ಎಂದು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಮೊದಲ ವರ್ಷ ಎರಡು ಗೋಲುಗಳ ಮುಂದೆ 20 ಮೀಟರ್ ಅಗಲ, 10 ಮೀಟರ್ ಉದ್ದ ಹಾಸಿದರೆ ಸಾಕು. ಅದಕ್ಕೆ ಒಟ್ಟು 20 ಟ್ರೇಲರು. ಉಳಿದ ಕಡೆ ನೆಲ ಸಮ ಮಾಡಿ, ಕಲ್ಲು ಆರಿಸಿ, ಉರುಳು ಹೊಡೆದು, ಬಿರಿಯದಂತೆ ಆಗಾಗ ನೀರು ಹಾಯಿಸಿ ಹುಲ್ಲು ಹಿಡಿಸೋಣ. ಬಿರುಕು ಬಿಟ್ಟ ದಿನ ಆಟ ಬೇಡ. ಉಳಿದ ಮುರುಮು ವರ್ಷವರ್ಷಕ್ಕೆ ಬರಲಿ. ಕಾರ್ಖಾನೆಯ ಹಂಗಾಮು ಮುಗಿದ ಮೇಲೆ ನಮ್ಮ ಟ್ರ್ಯಾಕ್ಟರುಗಳು ಕೆಲವು ದಿನ ಸುಮ್ಮನೆ ನಿಂತಿರುತ್ತವೆ. ಇಪ್ಪತ್ತು ಮನೆಯವರು ಒಂದೊಂದು ಖೇಪು ಹಾಕಿದರೆ ಮುಗಿಯಿತು.

ನೀರಿನ ಇಳಿಜಾರು ಮರೆಯಬಾರದು. ಬಯಲಿನ ನಡುಬೆನ್ನು ಅಂಚಿಗಿಂತ ಒಂದು ಗೇಣು ಎತ್ತರವಿರಲಿ. ನೂರಕ್ಕೆ ಒಂದರಂತೆ ಇಳಿಜಾರಾಗುತ್ತದೆ, ಕಣ್ಣಿಗೆ ಕಾಣದು, ನೀರಿಗೆ ಗೊತ್ತಾಗುತ್ತದೆ. ಎರಡೂ ಬದಿಗೆ ಬಸಿಗಾಲುವೆ ತೋಡಿರಿ. ಸವಳು ಜವಳು ಜಮೀನಿಗೆ ಬಸಿಗಾಲುವೆ ಏಕೆ ಬೇಕೆಂದು ಕೃಷ್ಣೆಯ ದಂಡೆಯ ನಿಮಗೆ ನಾನು ಹೇಳಿಕೊಡುವುದೆಂದರೆ ಅಜ್ಜನಿಗೆ ಕೆಮ್ಮು ಕಲಿಸಿದಂತೆ.

ಇನ್ನು ಹುಲ್ಲು. ಕೇಳಿ ನಗಬೇಡಿರಿ; ಆಟದ ಬಯಲಿಗೆ ಒಳ್ಳೆಯ ಹುಲ್ಲು ನಮ್ಮ ಕರಿಕೆಯೇ. ಕಬ್ಬಿನ ಸಾಲಿನಲ್ಲಿ ನೀವು ಕಿತ್ತು ಕಿತ್ತು ಬೇಸತ್ತ, ಬದುವಿನಿಂದ ಹೊಲಕ್ಕೆ ನುಗ್ಗುವ, ಗಣಪತಿಗೆ ಏರಿಸುವ ಅದೇ ಕರಿಕೆ. ತುಳಿದಷ್ಟೂ ಹಬ್ಬುತ್ತದೆ, ಸವಳನ್ನು ತಾಳುತ್ತದೆ, ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಬೇರಿನಲ್ಲಿ ಜೀವ ಹಿಡಿದಿರುತ್ತದೆ. ಮಳೆಗಾಲದ ಆರಂಭಕ್ಕೆ ಅದರ ಬಳ್ಳಿಯ ತುಂಡುಗಳನ್ನು ಗೇಣಿಗೊಂದರಂತೆ ಊರಿದರೆ ದೀಪಾವಳಿಯ ಹೊತ್ತಿಗೆ ಬಯಲು ಮುಚ್ಚುತ್ತದೆ. ಅಲ್ಲಿಯವರೆಗೆ ದನ ಬಿಡಬಾರದು. ಕಾಂಗ್ರೆಸ್ ಕಸ, ನೆಗ್ಗಿಲ ಮುಳ್ಳು ಕಂಡ ದಿನವೇ ಕಿತ್ತುಹಾಕಬೇಕು. ಹೊಲದ ವೈರಿ ಊರಿನ ಮಕ್ಕಳ ಅಂಗಾಲಿಗೆ ಗೆಳೆಯನಾಗುವುದಾದರೆ ಅದನ್ನೇಕೆ ಬಿಡಬೇಕು?

ಬಯಲಾದ ಮೇಲೆ ಪಂದ್ಯ. ನಮ್ಮಲ್ಲಿ ಪಂದ್ಯಾವಳಿ ಎಂದರೆ ಸೋತವನು ಮನೆಗೆ ಹೋಗುವ ಪದ್ಧತಿ. ಎಂಟು ತಂಡಗಳಿದ್ದರೆ ಏಳೇ ಪಂದ್ಯ. ನಾಲ್ಕು ಊರಿನ ಹುಡುಗರು ಒಂದೇ ದಿನ ಆಡಿ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ, ಮುಂದಿನ ವರ್ಷದವರೆಗೆ ಚೆಂಡು ಅಟ್ಟಕ್ಕೆ. ಲೀಗ್ ಹಾಗಲ್ಲ. ಪ್ರತಿಯೊಂದು ತಂಡ ಉಳಿದ ಎಲ್ಲ ತಂಡಗಳೊಡನೆ ಆಡಬೇಕು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಶಿರಗುಪ್ಪಿ, ಜುಗುಳ, ಮಂಗಾವತಿ, ಕಾಗವಾಡ, ಶೇಡಬಾಳ, ಉಗಾರ, ಐನಾಪುರ, ಮೋಳೆ, ಹೀಗೆ ಎಂಟು ಊರುಗಳು ಕೂಡಿದವೆನ್ನಿ. 28 ಪಂದ್ಯಗಳಾಗುತ್ತವೆ. ರವಿವಾರಕ್ಕೆ ನಾಲ್ಕರಂತೆ ಏಳು ರವಿವಾರ. ಈ ರವಿವಾರ ಸೋತವನು ಮುಂದಿನ ರವಿವಾರ ಮತ್ತೆ ಬರುತ್ತಾನೆ. ಒಂದು ಹಂಗಾಮು ಕೆಟ್ಟಿತೆಂದು ಯಾವ ರೈತನು ಹೊಲ ಬಿಟ್ಟಿದ್ದಾನೆ? ಹಳ್ಳಿಗೆ ಒಪ್ಪುವುದು ಲೀಗೇ.

ಕಾಲವನ್ನೂ ನೋಡಿಕೊಳ್ಳಬೇಕು. ಜುಲೈ, ಆಗಸ್ಟ್ ಹೊಳೆಯ ತಿಂಗಳು. 2005ರ ಮತ್ತು 2019ರ ಮಹಾಪೂರವನ್ನು ನಾವು ಮರೆಯುವಂತಿಲ್ಲ. ಕಬ್ಬು ಕಡಿಯುವ ಭರದಲ್ಲಿ ಹುಡುಗರಿಗೆ ಬಿಡುವಿಲ್ಲ. ಆದ್ದರಿಂದ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ, ಬಿಸಿಲು ಇಳಿದ ಮೇಲೆ ಸಂಜೆ ಮತ್ತು ಬೆಳಗಿನ ತಂಪಿನಲ್ಲಿ ಪಂದ್ಯ ನಡೆಸೋಣ. ರೆಫರಿ ಬೇರೆ ಊರಿನವನಿರಲಿ, ಅವನ ಸೀಟಿಗೆ ಎದುರು ಮಾತು ಬೇಡ. ಹೊಡೆದಾಟ ತೆಗೆದ ಊರಿನ ಅಂಕ ಕಡಿತ. ಈ ಕರಾರನ್ನು ಮೊದಲೇ ಬರೆದು ಹಿರಿಯರ ಸಹಿ ಹಾಕಿಸೋಣ. ಹೆಣ್ಣುಮಕ್ಕಳಿಗೂ ವಾರದಲ್ಲಿ ದಿನ ಗೊತ್ತುಮಾಡಬೇಕು. ಶಾಲೆಯಲ್ಲಿ ಓಟದಲ್ಲಿ ಮುಂದಿದ್ದ ಹುಡುಗಿ ಏಳನೆಯ ಇಯತ್ತೆಯ ನಂತರ ಓಡಲೇ ಇಲ್ಲವೆಂದರೆ ನಷ್ಟ ಅವಳೊಬ್ಬಳದೇ ಅಲ್ಲ.

ಕೊನೆಯದಾಗಿ ಮುಖ್ಯ ಮಾತು. ನಮ್ಮ ಊರ ಗಾಯರಾಣದಲ್ಲಿ ಒಂದು ತುಂಡು ಉಳಿದಿದೆ. ಒಂದು ಬದಿಗೆ ಬಣವೆ, ಒಂದು ಬದಿಗೆ ತಿಪ್ಪೆ, ಈ ವರ್ಷ ಒಂದೆರಡು ತಂತಿಬೇಲಿಗಳೂ ಒಳಗೆ ಸರಿದಿವೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಬಣವೆ ಹಾಕಿದವರಿಗೂ ಜಾಗ ಬೇಕು, ಅದು ಸುಳ್ಳಲ್ಲ. ಮೇವು ಇಲ್ಲದೆ ದನ ಬದುಕುವುದಿಲ್ಲ. ಅದಕ್ಕಾಗಿ ಗಾಯರಾಣದ ಅಂಚಿನಲ್ಲಿ ಬಣವೆಗಳಿಗೆ ಸಾಲು ಗೊತ್ತುಮಾಡಿ, ನಡುವಿನ ಒಂದು ಎಕರೆ ಹತ್ತು ಗುಂಟೆಯನ್ನು ಆಟಕ್ಕೆ ಬಿಡಬೇಕೆಂದು ಬರುವ ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಪಂಚಾಯತಿಯ ದಪ್ತರದಲ್ಲಿ ಅದು ದಾಖಲಾಗಲಿ. ಬಾಯಿಮಾತಿನ ಜಾಗಕ್ಕೆ ಬೇಲಿ ಬೇಗ ಬರುತ್ತದೆ. ಇನ್ನು ಐದು ವರ್ಷ ಸುಮ್ಮನಿದ್ದರೆ ಠರಾವು ಮಾಡಲು ಜಾಗವೇ ಇರುವುದಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ. ಹಿರಿಯರಲ್ಲಿ ಹತ್ತು ಜನ ನನ್ನೊಂದಿಗೆ ಒಂದು ರವಿವಾರ ಕೊಲ್ಹಾಪುರಕ್ಕೆ ಬನ್ನಿರಿ. ನಿಮ್ಮ ಬುತ್ತಿ ನೀವೇ ಕಟ್ಟಿಕೊಳ್ಳಿರಿ, ದಾರಿ ನಾನು ತೋರಿಸುತ್ತೇನೆ. ಹುಡುಗರು ಆಟ ನೋಡಲಿ. ನೀವು ಆಟ ನೋಡಿರಿ, ನೆಲವನ್ನೂ ನೋಡಿರಿ, ನೋಡುವ ಜನರನ್ನೂ ನೋಡಿರಿ. ಬಂದ ಮೇಲೆ ಬೇಡವೆಂದರೆ ನಾನು ಮತ್ತೆ ಈ ಮಾತು ಎತ್ತುವುದಿಲ್ಲ.

ಕಾಲಿಗೆ ಗಾಯವಾದ ಹುಡುಗ ಈಗ ಗುಣವಾಗಿದ್ದಾನೆ. ಕೊಲ್ಹಾಪುರಕ್ಕೆ ನನ್ನೊಂದಿಗೆ ಬಂದ ಐವರಲ್ಲಿ ಅವನೂ ಒಬ್ಬ. ನೋಡಲು ಮಾತ್ರ ತಂದೆ ಕಳಿಸಿದ್ದರು, ಆಡಲು ಇನ್ನೂ ಒಪ್ಪಿಲ್ಲ. ನಾನು ಒತ್ತಾಯ ಮಾಡಿಲ್ಲ. ಬಯಲು ಸಿದ್ಧವಾದ ದಿನ ಮೊದಲು ಅವರನ್ನೇ ಕರೆಯುತ್ತೇನೆ. ಬರಿಗಾಲಿನಲ್ಲಿ ಈ ಗೋಲಿನಿಂದ ಆ ಗೋಲಿನವರೆಗೆ ಒಮ್ಮೆ ನಡೆದು ನೋಡಿರಿ ಎನ್ನುತ್ತೇನೆ. ಅವರು ಹೂಂ ಎಂದರೆ ಮರುದಿನ ಚೆಂಡು ಇಳಿಸೋಣ.